ಕಗ್ಗಲೀಪುರದ ಹಸು

ಕೋಣನಕುಂಟೆಯ ಚಿಕ್ಕಬೈರಪ್ಪನವರಿಗೆ ಇನ್ನು ಹಾಲು ಆಗುವುದಿಲ್ಲ ಎಂದು ಜೆ.ಪಿ. ನಗರದ ಡಾಕ್ಟರು ಹೇಳಿದಾಗ, ಅವರು ಮೊದಲು ಎದ್ದು ಹೋಗಿ ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ನೋಡಿ ಬಂದರು. ಹೊರಗಿನ ಬೆಂಚಿನ ಮೇಲೆ ಊರಿನವರು ಇಬ್ಬರು ಕೂತಿದ್ದರು. ಮೂವತ್ತು ವರ್ಷ ಸೈಕಲ್ಲಿನ ಎರಡೂ ಕಡೆ ಕ್ಯಾನು ಕಟ್ಟಿಕೊಂಡು ಜಯನಗರದ ಮನೆಮನೆಗೆ ಹಾಲು ಹಾಕಿದ ಮನುಷ್ಯ ಇವರು. ಹೊಲವೆಲ್ಲ ಸೈಟಾಗಿ, ಉಳಿದ ಸೈಟಿನ ಮೇಲೆ ನಾಲ್ಕು ಮಹಡಿ ಎದ್ದು, ಬಾಡಿಗೆ ಬರತೊಡಗಿ ಇಷ್ಟು ವರ್ಷವಾದರೂ ಊರವರ ಬಾಯಲ್ಲಿ ಅವರು ಹಾಲಿನ ಬೈರಪ್ಪನೇ.

"ಪೂರ್ತಿ ಬಿಡ್ಬೇಕಾ ಸಾರ್?"

"ಪೂರ್ತಿ. ವಯಸ್ಸಾದ್ಮೇಲೆ ಕೆಲವರಿಗೆ ಹಾಲು ಜೀರ್ಣ ಆಗಲ್ಲ. ಬ್ಲ್ಯಾಕ್ ಕಾಫಿ ಕುಡೀರಿ. ಅದರಲ್ಲೇನಿದೆ?"

ಚಿಕ್ಕಬೈರಪ್ಪನವರು ಡಾಕ್ಟರ ಮುಖ ನೋಡಿದರು. ಚಿಕ್ಕ ವಯಸ್ಸು. ಮದುವೆಯಾದಂತಿರಲಿಲ್ಲ. ಆಗಿದ್ದರೆ ಅಷ್ಟು ಸುಲಭವಾಗಿ 'ಅದರಲ್ಲೇನಿದೆ' ಎನ್ನುತ್ತಿರಲಿಲ್ಲ.

ಹೊಟ್ಟೆಯ ತಂಟೆ ಎರಡು ಮೂರು ವರ್ಷದ್ದು. ತೇಗು, ಉಬ್ಬರ, ಒಳಗೆ ಯಾರೋ ಬಿಂದಿಗೆ ತೊಳೆಯುತ್ತಿರುವಂಥ ಸದ್ದು. ಮಾರಮ್ಮನ ಗುಡಿಯ ಕಮಿಟಿ ಮೀಟಿಂಗಿನಲ್ಲಿ ಆ ಸದ್ದು ಕೇಳಿ ಅಧ್ಯಕ್ಷರು ತಮ್ಮ ಭಾಷಣ ನಿಲ್ಲಿಸಿ, "ಹೇಳಿ ಬೈರಪ್ಪನೋರೆ, ನಿಮ್ಮ ಅಭಿಪ್ರಾಯ ಏನು?" ಎಂದು ಕೇಳಿದ್ದರು. ಅವತ್ತೇ ಅವರು ಡಾಕ್ಟರ ಹತ್ತಿರ ಹೋಗುವುದೆಂದು ತೀರ್ಮಾನಿಸಿದ್ದು. ಮನೆಯಲ್ಲಿ ಬಿ.ಪಿ. ತೋರಿಸಿಕೊಂಡು ಬರುತ್ತೇನೆಂದು ಹೇಳಿ ಬಂದಿದ್ದರು.

ಹಾಲು ಬಿಡುವುದು ಅವರಿಗೆ ಕಷ್ಟವಿರಲಿಲ್ಲ. ಹೆಂಡತಿಗೆ ಹೇಳುವುದು ಕಷ್ಟವಿತ್ತು.

ಲಕ್ಷ್ಮಿದೇವಮ್ಮನವರು ಹಿತ್ತಲಿನಲ್ಲಿ, ನಾಲ್ಕು ಮಹಡಿಯ ನೆರಳಿಗೆ ಶೀಟು ಹಾಕಿಸಿ, ಇನ್ನೂ ಒಂದು ಹಸು ಸಾಕಿಕೊಂಡಿದ್ದರು. ಕನಕಪುರ ರಸ್ತೆಯ ಆ ಭಾಗಕ್ಕೆ ಮೆಟ್ರೊ ಬಂದ ಸಂಕ್ರಾಂತಿಯಲ್ಲಿ ಹುಟ್ಟಿದ ಕರು ಅದು. ಮಗ ಮನು ಮೆಟ್ರೊ ಎಂದೇ ಹೆಸರಿಟ್ಟಿದ್ದ. ಹುಟ್ಟಿದ ಮೂರನೆಯ ದಿನ ತಾಯಿ ಸತ್ತಿತು. ಲಕ್ಷ್ಮಿದೇವಮ್ಮನವರು ಅದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸಿ, ತಮ್ಮ ಹಳೇ ಶಾಲು ಹೊದಿಸಿ, ಪಕ್ಕದಲ್ಲೇ ಚಾಪೆ ಹಾಕಿಕೊಂಡು ಮಲಗಿ ಬದುಕಿಸಿದರು. ಈಗ ಅದು ಹೊತ್ತಿಗೆ ಐದು ಲೀಟರ್ ಕೊಡುವ ಸೀಮೆಹಸು. ಬೆಳಗ್ಗೆ ಕರೆದ ಹಾಲಿನ ಮೊದಲ ಕಾಫಿ ಗಂಡನಿಗೆ. ಲೋಟ ಕೈಗಿಟ್ಟು, ಅದು ಖಾಲಿಯಾಗುವ ತನಕ ಆಕೆ ಎದುರಿಗೆ ನಿಂತಿರುತ್ತಿದ್ದರು. ಆ ಮನೆಯಲ್ಲಿ ಯಾರೂ ಯಾರಿಗೂ ನೀನೆಂದರೆ ನನಗೆ ಪ್ರೀತಿ ಎಂದು ಹೇಳಿದ ದಾಖಲೆಯಿಲ್ಲ. ಇದ್ದದ್ದು ಆ ಲೋಟ ಒಂದೇ. ನಿನ್ನ ಹಾಲಿನಿಂದಲೇ ನನ್ನ ಹೊಟ್ಟೆ ಕೆಟ್ಟಿತು ಎಂದು ಯಾವ ಬಾಯಲ್ಲಿ ಹೇಳುವುದು?

ಹೇಳಲಿಲ್ಲ. ಬಿಸಿ ಜಾಸ್ತಿ ಎಂದು ನೆಪ ಹೇಳಿ ಲೋಟ ಹಿಡಿದು ಟೆರೇಸಿಗೆ ಹೋಗಿ, ಕರಿಬೇವಿನ ಕುಂಡಕ್ಕೆ ಕಾಫಿ ಸುರಿದು ಬರತೊಡಗಿದರು. ನಾಲ್ಕನೆಯ ದಿನ, ಎರಡನೇ ಮಹಡಿಯಲ್ಲಿದ್ದ ಸೊಸೆ ಶ್ವೇತ ಬಟ್ಟೆ ಒಣಹಾಕಲು ಬಂದವಳು ನೋಡಿಬಿಟ್ಟಳು.

"ಮಾವ, ಕರಿಬೇವಿಗ್ಯಾಕೆ ಕಾಫಿ?"

ಚಿಕ್ಕಬೈರಪ್ಪನವರು ಎಲ್ಲ ಹೇಳಿದರು. ಶ್ವೇತ ನಗಲಿಲ್ಲ, ಬಟ್ಟೆಗೆ ಕ್ಲಿಪ್ಪು ಹಾಕುತ್ತಾ ಕೇಳಿಸಿಕೊಂಡಳು.

"ನಾನು ಹಾಲು ಬಿಟ್ಟು ಎರಡು ವರ್ಷ ಆಯ್ತು ಮಾವ. ಮುಖದಲ್ಲಿ ಬರೀ ಮೊಡವೆ ಏಳ್ತಿತ್ತು."

"ನಿಮ್ಮತ್ತೆಗೆ ಗೊತ್ತಾ?"

"ಅಯ್ಯೋ, ಹೇಳಕ್ಕಾಗತ್ತಾ? ಅವರು ದಿನಾ ಕಳ್ಸೋ ಒಂದ್ ಲೀಟ್ರಲ್ಲಿ ಮನುಗೆ ಪಾಯಸ ಮಾಡ್ತೀನಿ."

ಮಗ ಎರಡು ವರ್ಷದಿಂದ ಯಾಕೆ ಹಾಗೆ ಊದುತ್ತಿದ್ದಾನೆ ಎಂಬುದು ಚಿಕ್ಕಬೈರಪ್ಪನವರಿಗೆ ಆಗ ಅರ್ಥವಾಯಿತು.

ಮಾರನೆಯ ದಿನದಿಂದ ಪಾಠ ಶುರು. ಡಾಕ್ಟರು ಖಾಲಿ ಹೊಟ್ಟೆಯಲ್ಲಿ ಕಾಫಿ ಬೇಡ ಎಂದಿದ್ದಾರೆ, ವಾಕಿಂಗ್ ಮುಗಿಸಿಕೊಂಡು ಸೊಸೆ ಮನೆಯಲ್ಲಿ ಕುಡಿದು, ಹಾಗೇ ಪೇಪರೂ ಓದಿಕೊಂಡು ಬರುತ್ತೇನೆ ಎಂದು ಹೆಂಡತಿಗೆ ಹೇಳಿದರು. ಲಕ್ಷ್ಮಿದೇವಮ್ಮನವರು "ಸರಿ" ಎಂದರು. ಅವರ ಸರಿಯಲ್ಲಿ ಹತ್ತು ಬಗೆಯಿವೆ. ಇದು ಒಳ್ಳೆಯದಾಗಿರಲಿಲ್ಲ.

ಮೇಲೆ ಶ್ವೇತ ಅಡುಗೆ ಕಟ್ಟೆಯ ಮೇಲೆ ಹಸುವಿನದಲ್ಲದ ಹಾಲಿನ ಮೂರು ಪ್ಯಾಕೆಟ್ಟು ಸಾಲಾಗಿ ಇಟ್ಟಿದ್ದಳು. ಬಾದಾಮಿಯದು, ಸೋಯಾದು, ಓಟ್ಸಿನದು. ಪಕ್ಕದಲ್ಲಿ ಪೆನ್ನಿನಷ್ಟು ಉದ್ದದ ಒಂದು ಕಡ್ಡಿ, ತುದಿಯಲ್ಲಿ ಮಗುವಿನ ಬಳೆಯಷ್ಟು ಅಗಲದ ಸುರುಳಿ. ಗುಂಡಿ ಒತ್ತಿದರೆ ಗುಯ್ ಎಂದು ತಿರುಗುತ್ತಿತ್ತು. ನೊರೆ ಎಬ್ಬಿಸುವ ಯಂತ್ರವಂತೆ.

"ಬ್ಯಾಟ್ರಿ ಕಡಗೋಲು," ಎಂದರು ಚಿಕ್ಕಬೈರಪ್ಪನವರು, ಅದನ್ನು ಅತ್ತಿತ್ತ ತಿರುಗಿಸಿ ನೋಡಿ.

ಅವರೂ ಬರಿಗೈಯಲ್ಲಿ ಬಂದಿರಲಿಲ್ಲ. ಜೇಬಿನಿಂದ, ಹಾಲಿಗೆ ಬೆರೆಸಿದ ನೀರು ಹಿಡಿಯುವ ಹಳೆಯ ಲ್ಯಾಕ್ಟೋಮೀಟರು ತೆಗೆದು ಮೂರೂ ಹಾಲಿಗೆ ಇಳಿಬಿಟ್ಟರು. ಓಟ್ಸಿನದು ಇಪ್ಪತ್ತೆಂಟು ತೋರಿಸಿತು, ನೀರು ಬೆರೆಸದ ಹಾಲಿನ ಅಂಕಿ. ಅವರು ಅದನ್ನು ಒರೆಸಿ ಇನ್ನೊಮ್ಮೆ ಇಳಿಬಿಟ್ಟು ನೋಡಿದರು. ಜಯನಗರಕ್ಕೆ ತಾವು ಹಾಕಿದ ಹಾಲು ಎಷ್ಟೋ ಬೇಸಿಗೆಗಳಲ್ಲಿ ಇಪ್ಪತ್ತೆಂಟು ಮುಟ್ಟಿರಲಿಲ್ಲ ಎಂಬುದು ಅವರಿಗೂ ದೇವರಿಗೂ ಮಾತ್ರ ಗೊತ್ತಿತ್ತು.

ಬಾದಾಮಿ ಹಾಲನ್ನು ಅಭ್ಯಾಸಬಲದಿಂದ ಸ್ಟೌ ಮೇಲಿಟ್ಟು ದೊಡ್ಡ ಉರಿ ಮಾಡಿದರು. ಒಡೆಯಿತು. ಸೋಯಾ ಹಾಲಿಗೆ ಆಗತಾನೆ ಇಳಿದ ಸುಡುಸುಡು ಡಿಕಾಕ್ಷನ್ ಸುರಿದರು. ಅದೂ ಒಡೆದು ಗಸಿಗಸಿಯಾಯಿತು. ಡಿಕಾಕ್ಷನ್ ಸ್ವಲ್ಪ ಆರಬೇಕು, ಹಾಲನ್ನು ಬೆರಳು ತಡೆಯುವಷ್ಟು ಮಾತ್ರ ಬಿಸಿ ಮಾಡಬೇಕು, ಪ್ಯಾಕೆಟ್ಟನ್ನು ಮೊದಲು ಚೆನ್ನಾಗಿ ಕುಲುಕಬೇಕು ಎಂದು ಶ್ವೇತ ಹೇಳಿಕೊಟ್ಟಳು. ಪಾತ್ರೆ ಓರೆ ಹಿಡಿದು ಕಡ್ಡಿಯನ್ನು ಮೇಲ್ಗಡೆಯೇ ಆಡಿಸಿ ಗಾಳಿ ತುಂಬಿಸಬೇಕು, ಆಮೇಲೆ ಕೆಳಗಿಳಿಸಿ ತಿರುಗಿಸಬೇಕು, ದೊಡ್ಡ ಗುಳ್ಳೆಗಳು ಒಡೆಯಲು ಪಾತ್ರೆಯನ್ನು ಕಟ್ಟೆಗೆ ಎರಡು ಸಲ ಕುಟ್ಟಬೇಕು.

ಚಿಕ್ಕಬೈರಪ್ಪನವರಿಗೆ ಈ ವಿದ್ಯೆ ಬಹಳ ವಿಚಿತ್ರವಾಗಿ ಕಂಡಿತು. ಅವರ ಕಸುಬಿನಲ್ಲಿ ನೊರೆ ಎನ್ನುವುದು ಬೈಗುಳ. "ನೊರೆ ಇಳೀಲಿ, ಆಮೇಲೆ ಅಳೆಯಪ್ಪಾ," ಎಂದು ಜಯನಗರದ ಹೆಂಗಸರು ಮೂವತ್ತು ವರ್ಷ ಅವರನ್ನು ಬಾಗಿಲಲ್ಲಿ ನಿಲ್ಲಿಸಿದ್ದರು. ನೊರೆ ಇಳಿಯಲಿ ಎಂದು ಕಾದು ಕಾದೇ ಆಯುಷ್ಯದ ಒಂದು ಪಾಲು ಹೋಗಿತ್ತು. ಈಗ ಅರವತ್ತೆಂಟರಲ್ಲಿ ನೊರೆ ಏಳಲಿ ಎಂದು ಬಗ್ಗಿ ನಿಂತು ಕಾಯಬೇಕಾಗಿತ್ತು. ಆದರೂ ಕೈ ಪಳಗಿತು. ಎರಡನೇ ವಾರಕ್ಕೆ ಓಟ್ಸಿನ ಹಾಲಿನಲ್ಲಿ ಎರಡು ಬೆರಳು ದಪ್ಪದ, ಒಂದೂ ಗುಳ್ಳೆಯಿಲ್ಲದ ನೊರೆ ನಿಂತಿತು. ಶ್ವೇತ ಫೋಟೊ ತೆಗೆದುಕೊಂಡಳು. ಹೊಟ್ಟೆಯೂ ತೆಪ್ಪಗಾಯಿತು. ಕಮಿಟಿ ಮೀಟಿಂಗಿನಲ್ಲಿ ಅವರು ಒಂದೂವರೆ ಗಂಟೆ ಕೂತು ಬಂದರು, ಯಾರೂ ಅವರ ಅಭಿಪ್ರಾಯ ಕೇಳಲಿಲ್ಲ.

ಮೂರನೇ ವಾರದ ಮಂಗಳವಾರ ಲಕ್ಷ್ಮಿದೇವಮ್ಮನವರು ಮೆಂತ್ಯದ ಸೊಪ್ಪಿನ ಕಟ್ಟು ಹಿಡಿದು ಸೀದಾ ಸೊಸೆಯ ಮನೆಯೊಳಗೆ ಬಂದರು. ಚಿಕ್ಕಬೈರಪ್ಪನವರ ಮೀಸೆಗೆ ನೊರೆ ಹತ್ತಿತ್ತು. ಶ್ವೇತ ಪ್ಯಾಕೆಟ್ಟನ್ನು ಟವಲ್ಲಿನಡಿ ತಳ್ಳಿದಳು. ಲಕ್ಷ್ಮಿದೇವಮ್ಮನವರು ಮಾತಿಲ್ಲದೆ ಗಂಡನ ಕೈಯಿಂದ ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದರು.

"ಇದು ನಮ್ಮ ಹಾಲಲ್ಲ," ಎಂದರು.

ಚಿಕ್ಕಬೈರಪ್ಪನವರು ಮೀಸೆ ಒರೆಸಿಕೊಂಡರು.

"ಯಾವ ಹಸೂದು?"

ಪ್ರಶ್ನೆ ಹಾಗೆ ಬಂದದ್ದೇ ತಪ್ಪಾಯಿತು. ಯಾವ ಹಸುವಿನದು ಎಂದು ಕೇಳಿದರೆ ಹಾಲಿನ ಬೈರಪ್ಪನ ಬಾಯಲ್ಲಿ ಹಸುವೇ ಬರುತ್ತದೆ. ಓಟ್ಸಿನದು ಎನ್ನಬಹುದಿತ್ತು. ಆದರೆ ಲಕ್ಷ್ಮಿದೇವಮ್ಮನವರ ಪ್ರಕಾರ ಓಟ್ಸು ಎಂದರೆ ಆಸ್ಪತ್ರೆಯಲ್ಲಿ ಇನ್ನೇನೂ ಇಳಿಯದವರಿಗೆ ಚಮಚದಲ್ಲಿ ತಿನ್ನಿಸುವ ವಸ್ತು.

"ನಾಟಿ ಹಸೂದು," ಎಂದರು ಚಿಕ್ಕಬೈರಪ್ಪನವರು. "ಕಗ್ಗಲೀಪುರದ್ದು."

ಶ್ವೇತಳಿಗೆ ಕೆಮ್ಮು ಬಂತು.

ಬೈಗುಳ ಬೀಳುತ್ತದೆ ಎಂದು ಅವರು ಕಾದರು. ಬೀಳಲಿಲ್ಲ. ಲಕ್ಷ್ಮಿದೇವಮ್ಮನವರು ಇನ್ನೊಂದು ಗುಟುಕು ಕುಡಿದು, ಬಾಯಲ್ಲಿ ಹೊರಳಿಸಿ, ನುಂಗಿದರು. "ತೆಳ್ಳಗಿದೆ. ಆದ್ರೂ ಸಿಹಿ ಇದೆ. ನಾಟಿ ಹಸು ಹಾಲು ಹಂಗೇ, ಹೊಟ್ಟೇಗೂ ತಂಪು. ಫೋನಲ್ಲಿ ದಿನಾ ಅದೇ ಬರ್ತಾ ಇರತ್ತೆ, ಎ-ಟೂ ಹಾಲು, ಎ-ಟೂ ಹಾಲು ಅಂತ." ಲೋಟವನ್ನು ಗಂಡನ ಕೈಗೆ ವಾಪಸು ಕೊಟ್ಟರು. "ಹದಿನೇಳು ದಿನ ಆಯ್ತು, ನೀವು ತೇಗಿಲ್ಲ. ನಾನೂ ನೋಡ್ತಾನೇ ಇದೀನಿ."

ಹೆಂಡತಿ ತಮ್ಮ ತೇಗು ಲೆಕ್ಕ ಇಡುತ್ತಿದ್ದಾಳೆ ಎಂಬುದು ಚಿಕ್ಕಬೈರಪ್ಪನವರಿಗೆ ಗೊತ್ತಿರಲಿಲ್ಲ. ನಿಜ ಹೇಳಿಬಿಡೋಣ ಎಂದು ಬಾಯಿ ತೆಗೆದರು. ಅಷ್ಟರಲ್ಲಿ ಆಕೆ ಮೆಟ್ಟಿಲಿಳಿದು ಹೋಗಿದ್ದರು.

ಆಮೇಲೆ ಆ ಹಸು ಬೆಳೆಯತೊಡಗಿತು. ಊಟಕ್ಕೆ ಬಡಿಸುವಾಗ ಲಕ್ಷ್ಮಿದೇವಮ್ಮನವರು ಒಂದೊಂದೇ ಕೇಳುತ್ತಿದ್ದರು. ಬಣ್ಣ ಏನು? ಕಂದು. ಕೊಂಬು? ಹಿಂದಕ್ಕೆ ಬಾಗಿದೆ. ಎಷ್ಟು ಸಲ ಕರು ಹಾಕಿದೆ, ಎಷ್ಟನೇ ಸೂಲು? ಮೂರನೇದು. ಒದೆಯುತ್ತಾ? ಇಲ್ಲ, ಮಗು ಕೂಡ ಕರೆಯಬಹುದು. ಸುಳ್ಳು ಹೇಳಬೇಕೆಂದಿರಲಿಲ್ಲ. ಆದರೆ ಹಸುವಿನ ವಿಷಯ ಕೇಳಿದರೆ ಅರ್ಧಂಬರ್ಧ ಹೇಳುವುದು ಅವರ ಜಾಯಮಾನವಲ್ಲ. ಹತ್ತು ದಿನದಲ್ಲಿ ಅದಕ್ಕೆ ಹಣೆಯ ಮೇಲೊಂದು ಬಿಳಿ ಬೊಟ್ಟು, ಕತ್ತಿನಡಿ ಸಣ್ಣ ಗಂಗೆದೊಗಲು, ಬೆನ್ನಿನ ಮೇಲೆ ಒಳ್ಳೆಯ ಸುಳಿ, ಎಲ್ಲ ಬಂದವು. ಅಂಥ ಹಸುವನ್ನು ಅವರು ಜೀವಮಾನದಲ್ಲಿ ಕಟ್ಟಿರಲಿಲ್ಲ. ಒಂದು ಮಧ್ಯಾಹ್ನವಂತೂ, ಅದನ್ನು ಹೋಗಿ ನೋಡಿಕೊಂಡು ಬರೋಣ ಎಂದು ಅವರಿಗೇ ಅನ್ನಿಸಿಬಿಟ್ಟಿತ್ತು.

ಭಾನುವಾರ ವಾಕಿಂಗ್ ಮುಗಿಸಿ ಬಂದಾಗ ಗೇಟಿನ ಮುಂದೆ ಟೆಂಪೊ ನಿಂತಿತ್ತು. ಹಿತ್ತಲಿಗೆ ಹೋದರು. ದನದ ದಲ್ಲಾಳಿ ಹನುಮಯ್ಯ ಮೆಟ್ರೊದ ಬಾಯಿ ಅಗಲಿಸಿ ಹಲ್ಲು ನೋಡುತ್ತಿದ್ದ. ಮೆಟ್ರೊದ ಹಣೆಗೆ ಅರಿಶಿನ ಕುಂಕುಮ ಹಚ್ಚಿತ್ತು. ಲಕ್ಷ್ಮಿದೇವಮ್ಮನವರು ಬಾಳೆಹಣ್ಣಿನ ಗೊನೆಯನ್ನೇ ಪಕ್ಕದಲ್ಲಿಟ್ಟುಕೊಂಡು ಒಂದೊಂದಾಗಿ ತಿನ್ನಿಸುತ್ತಾ, ಸೆರಗಿನಲ್ಲಿ ಹಸುವಿನ ಕಣ್ಣು ಒರೆಸುತ್ತಿದ್ದರು. ಹಸುವಿನ ಕಣ್ಣಿನಲ್ಲಿ ನೀರಿರಲಿಲ್ಲ.

"ಏನಿದು?" ಎಂದರು ಚಿಕ್ಕಬೈರಪ್ಪನವರು.

"ಕೊಟ್ಟಿಗೇಲಿ ಜಾಗ ಇರೋದು ಒಂದಕ್ಕೇ," ಎಂದರು ಲಕ್ಷ್ಮಿದೇವಮ್ಮನವರು, ತಿರುಗಿ ನೋಡದೆ. "ಇದನ್ನ ಒಳ್ಳೆ ಮನೆಗೆ ಸೇರಿಸ್ತೀನಿ ಅಂದಿದಾನೆ ಹನುಮಯ್ಯ. ಹಾಗೇ ಅದೇ ಗಾಡೀಲಿ ಕಗ್ಗಲೀಪುರಕ್ಕೆ ಹೋಗಿ ಆ ನಾಟಿ ಹಸು ತಂದ್ಬಿಡೋಣ. ನೀವು ಹಾಲು ಕುಡಿಯಕ್ಕೆ ಮೆಟ್ಟಿಲು ಹತ್ತೋದೇನು ಬೇಡ. ನಾನೇ ಕರೆದು ಕೊಡ್ತೀನಿ."

"ಯಾರ ಮನೇದು ಗೌಡ್ರೆ ಅದು?" ಎಂದ ಹನುಮಯ್ಯ. ದನಿಯಲ್ಲಿ ನೋವಿತ್ತು. "ಕಗ್ಗಲೀಪುರದಲ್ಲಿ ನಂಗೆ ಗೊತ್ತಿಲ್ದಂಗೆ ಒಂದು ಕರೂನೂ ಹುಟ್ಟಲ್ಲ. ಬಿಳಿ ಬೊಟ್ಟಂತೆ, ಮೂರನೇ ಸೂಲಂತೆ. ರಾತ್ರಿಯೆಲ್ಲ ಯೋಚ್ನೆ ಮಾಡ್ದೆ."

ಹಸು ಸತ್ತುಹೋಯಿತು ಎಂದರೆ ಮುಗಿಯಿತು ಎಂದು ಚಿಕ್ಕಬೈರಪ್ಪನವರಿಗೆ ಹೊಳೆಯಿತು. ಮಾತು ನಾಲಿಗೆ ತುದಿಗೂ ಬಂತು. ಆದರೆ ಅದು ಸತ್ತರೆ ಈಕೆ ಹಾರೋಹಳ್ಳಿಯಲ್ಲಿ ಇನ್ನೊಂದು ಹುಡುಕಿಸುತ್ತಾಳೆ. ಯಾವ ನಾಟಿ ಹಸು ಬಂದರೂ ಮೆಟ್ರೊ ಟೆಂಪೊ ಹತ್ತುವುದು ಹತ್ತುವುದೇ. ಬಂದದ್ದರ ಹಾಲನ್ನು ಮತ್ತೆ ಕರಿಬೇವಿಗೇ ಸುರಿಯಬೇಕು. ತಾನು ಬಾಯಿಬಿಡದ ಒಂದು ಮಾತಿಗೆ ಈಕೆ ಬಾಟಲಿ ಹಾಲು ಕುಡಿಸಿ ಸಾಕಿದ್ದನ್ನು ಕಳಿಸಲು ಹೊರಟಿದ್ದಾಳೆ. ಅವರಿಗೆ ತಮ್ಮ ಮೇಲೇ ಅಸಹ್ಯವಾಯಿತು.

"ಆ ಹಸು ಇಲ್ಲ ಕಣೆ."

"ಮಾರ್ಬಿಟ್ರಾ?"

"ಇರ್ಲೇ ಇಲ್ಲ."

ಶ್ವೇತಳನ್ನು ಕೂಗಿ ಪ್ಯಾಕೆಟ್ಟು, ಕಡ್ಡಿ, ಹಾಲು ಬಿಸಿ ಮಾಡಿದ ಪಾತ್ರೆ ಎಲ್ಲ ಕೆಳಗೆ ತರಿಸಿದರು. ಕೊಟ್ಟಿಗೆಯ ಕಟ್ಟೆಯ ಮೇಲೆ, ಹೆಂಡತಿ, ಸೊಸೆ, ದಲ್ಲಾಳಿ, ಹಸು ನೋಡುತ್ತಿರುವಾಗ, ಓಟ್ಸಿನ ಹಾಲಿಗೆ ಕಡ್ಡಿ ಇಳಿಸಿ ಗುಂಡಿ ಒತ್ತಿದರು. ನೊರೆ ಚೆನ್ನಾಗಿ ಎದ್ದಿತು. ಹನುಮಯ್ಯ ಪ್ಯಾಕೆಟ್ಟನ್ನು ನಾಲ್ಕೂ ಕಡೆ ತಿರುಗಿಸಿ, ತಳ ನೋಡಿ, ಬಾಯಿ ನೋಡಿ, "ಎಷ್ಟನೇ ಸೂಲು ಗೌಡ್ರೆ?" ಎಂದ.

ಡಾಕ್ಟರು ಹೇಳಿದ್ದನ್ನೆಲ್ಲ ಚಿಕ್ಕಬೈರಪ್ಪನವರು ಒಂದೇ ಉಸಿರಿಗೆ ಹೇಳಿದರು. ಲಕ್ಷ್ಮಿದೇವಮ್ಮನವರು ಕೈಯಲ್ಲಿದ್ದ ಬಾಳೆಹಣ್ಣನ್ನು ಮೆಟ್ರೊಗೆ ಕೊಡಲಿಲ್ಲ. ಮೆಟ್ರೊ ಕತ್ತು ಚಾಚಿ ತಾನೇ ಕಿತ್ತುಕೊಂಡಿತು.

"ಎಷ್ಟು ವರ್ಷದಿಂದ ಹೊಟ್ಟೆ ಹಂಗೆ?"

"ಎರಡು ಮೂರು ವರ್ಷ."

"ಹಾಲಿಂದ ಅಂತ ಗೊತ್ತಿತ್ತಾ?"

"ಅನುಮಾನ ಇತ್ತು."

"ಮತ್ಯಾಕೆ ಕುಡಿದ್ರಿ?"

"ನೀನು ಎದುರಿಗೆ ನಿಂತಿರ್ತಿದ್ದೆ."

ಆಕೆಯ ಮುಖ ಬಿಳಿಚಿತು. "ಎರಡು ಮೂರು ವರ್ಷ ನಾನೇ ನಿಂತು ನಿಮಗೆ ಸಂಕಟ ಕುಡಿಸ್ದೆ," ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಹನುಮಯ್ಯನ ಕಡೆ ತಿರುಗಿ, "ಹಸು ಕೊಡಲ್ಲ ಕಣಪ್ಪ. ಹೋಗು," ಎಂದು ಒಳಗೆ ಹೋಗಿ ಕದ ಹಾಕಿಕೊಂಡರು.

ಹನುಮಯ್ಯ ಹೋಗುವ ಮುಂಚೆ ಶ್ವೇತಳನ್ನು ಪಕ್ಕಕ್ಕೆ ಕರೆದು, ಆ ಪ್ಯಾಕೆಟ್ಟು ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದ. ಅವನ ಹೊಟ್ಟೆಯದೂ ಇದೇ ಕತೆಯಂತೆ. ಮನೆಯಲ್ಲಿ ಹೇಳಿರಲಿಲ್ಲವಂತೆ.

ಎರಡು ದಿನ ಮನೆಯಲ್ಲಿ ಮಾತಿಲ್ಲ. ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಬಡಿಸಿದ ಕೈ ಒಳಗೆ ಹೋಗಿಬಿಡುತ್ತಿತ್ತು. ಚಿಕ್ಕಬೈರಪ್ಪನವರು ಮಹಡಿಗೂ ಹೋಗಲಿಲ್ಲ. ಜಗಲಿಯ ಮೇಲೆ ಕಾಫಿಯಿಲ್ಲದೆ ಕೂತರು. ಹೊಟ್ಟೆ ಆರಾಮಾಗಿತ್ತು, ಮನಸ್ಸು ಕೆಟ್ಟಿತ್ತು. ಇದಕ್ಕಿಂತ ಮೊದಲಿನ ವ್ಯವಸ್ಥೆಯೇ ವಾಸಿ ಎನ್ನಿಸಿತು.

ಬುಧವಾರ ಬೆಳಗ್ಗೆ ಲಕ್ಷ್ಮಿದೇವಮ್ಮನವರು ಲೋಟ ತಂದು ಕೈಗಿಟ್ಟರು. ಹಿಂದಿನ ದಿನ ಸಂಜೆಯೇ ಸೊಸೆಯ ಹತ್ತಿರ ಹೋಗಿ ಪ್ಯಾಕೆಟ್ಟು ಇಸಿದುಕೊಂಡು ಬಂದಿದ್ದರು. ಇಸಿದುಕೊಂಡರೇ ಹೊರತು ಹೇಗೆ ಮಾಡುವುದೆಂದು ಕೇಳಿರಲಿಲ್ಲ. ಹಾಲು ಕಾಯಿಸುವುದನ್ನು ಆಕೆಗೆ ಯಾರು ಹೇಳಿಕೊಡಬೇಕು? ಮನೆಯ ಪದ್ಧತಿಯಂತೆ ಮೂರು ಸಲ ಚೆನ್ನಾಗಿ ಕುದಿಸಿದ್ದರು.

ಚಿಕ್ಕಬೈರಪ್ಪನವರು ಲೋಟ ಬಾಯಿಗೆ ಬಗ್ಗಿಸಿದರು. ಏನೂ ಬರಲಿಲ್ಲ. ಇನ್ನೂ ಬಗ್ಗಿಸಿದರು. ತುಂಬ ಹೊತ್ತಿನ ಮೇಲೆ ಕಂದು ಬಣ್ಣದ ಅಂಬಲಿಯಂಥದ್ದು ನಿಧಾನವಾಗಿ ಜಾರಿ ಬಂದು ಮೇಲ್ತುಟಿಗೆ ಮುಟ್ಟಿತು. ನುಂಗಿದರು.

ಲಕ್ಷ್ಮಿದೇವಮ್ಮನವರು ಎದುರಿಗೇ ನಿಂತಿದ್ದರು. "ಹೇಗಿದೆ?"

ಈ ಪ್ರಶ್ನೆಗೆ ನಲವತ್ತೆರಡು ವರ್ಷದಿಂದ ಒಂದೇ ಉತ್ತರವಿತ್ತು. ಅದು ಯೋಚನೆಯಿಲ್ಲದೆ ಗಂಟಲಿಗೆ ಬಂದು ನಿಂತಿತು. ಚಿಕ್ಕಬೈರಪ್ಪನವರು ಅದನ್ನೂ ಅಂಬಲಿಯ ಜೊತೆ ಒಳಕ್ಕೆ ನುಂಗಿದರು.

"ಚೆನ್ನಾಗಿಲ್ಲ," ಎಂದರು.

ಮೇಲಿನ ಮನೆಯಲ್ಲಿ ಯಾರದೋ ಕುಕ್ಕರು ಕೂಗಿ ನಿಂತಿತು.

"ಅದನ್ನ ಕುದಿಸ್ಬಾರದು ಕಣೆ."

"ಹಾಲು ಅಂದ್ಮೇಲೆ ಕುದಿಸ್ದೆ ಹೆಂಗೆ ಕೊಡೋದು?"

"ಹಾಲಲ್ಲ ಅದು."

"ಇಷ್ಟನ್ನ ಮೊದ್ಲೇ ಹೇಳಕ್ಕೆ ಏನಾಗಿತ್ತು ನಿಮಗೆ?" ಆಕೆಯ ದನಿ ಒಡೆಯಿತು.

"ಹೆದ್ರಿಕೆ."

"ನನ್ನ ಕಂಡ್ರಾ?"

"ನಿನ್ನ ಮುಖ ಸಣ್ಣದಾಗತ್ತಲ್ಲ, ಅದನ್ನ ಕಂಡ್ರೆ."

ಲಕ್ಷ್ಮಿದೇವಮ್ಮನವರು ನಿಂತೇ ಇದ್ದವರು ಬಂದು ಜಗಲಿಯ ಮೇಲೆ ಗಂಡನ ಪಕ್ಕ ಕೂತರು. ಲೋಟ ಇಸಿದುಕೊಂಡು ತಾವೂ ಒಂದು ಗುಟುಕು ನೋಡಿ, ಮುಖ ಕಿವುಚಿ, ದೂರ ಇಟ್ಟರು.

"ಇನ್ನೇನೇನು ನುಂಗ್ಕೊಂಡಿದೀರ ಹಿಂಗೆ? ಒಂದೇ ಸಲ ಹೇಳ್ಬಿಡಿ."

ಚಿಕ್ಕಬೈರಪ್ಪನವರು ಬೀದಿಯ ಕಡೆ ತಿರುಗಿದರು. ಹೇಳಬೇಕೋ ಬೇಡವೋ ಎಂದು ತೂಗಿ, ಇನ್ನು ಮುಚ್ಚಿಡುವುದು ಬೇಡ ಎಂದು ಗಟ್ಟಿ ಮನಸ್ಸು ಮಾಡಿದರು.

"ಬಸ್ಸಾರು."

"ಬಸ್ಸಾರಿಗೇನಾಗಿದೆ?"

"ಹುಣಸೆಹಣ್ಣು ಜಾಸ್ತಿ ಹಾಕ್ತೀಯ."

"ಯಾವಾಗಿಂದ?"

"ಮದ್ವೆ ಆದಾಗಿಂದ."

ಆಕೆಯ ಮುಖ ಸಣ್ಣದಾಯಿತೇ ಎಂದು ಚಿಕ್ಕಬೈರಪ್ಪನವರು ಓರೆಗಣ್ಣಿನಲ್ಲಿ ನೋಡಿದರು. ಆಕೆ ಬಾಯಿಗೆ ಸೆರಗು ಒತ್ತಿಕೊಂಡಿದ್ದರು, ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯಲಿಲ್ಲ.

"ನನ್ನ ಮಗನಿಗೆ ಹುಳಿ ಅಂದ್ರೆ ಪ್ರಾಣ ಅಂತ ನಿಮ್ಮಮ್ಮ ಹೇಳಿದ್ರು," ಎಂದರು ಲಕ್ಷ್ಮಿದೇವಮ್ಮನವರು. "ನನಗೆ ಹುಳಿ ಸೇರೋದೇ ಇಲ್ಲ. ನಿಮಗೋಸ್ಕರ ತಿಂತಿದ್ದೆ."